ಅರೆದಷ್ಟೂ ನುಣ್ಣಗಾಗದ ಪುಡಿ

ಅರೆದಷ್ಟೂ ನುಣ್ಣಗಾಗುತ್ತದೆ ಎನ್ನುವುದು ಒರಳಿನ ಮುಂದೆ ಕೂತವರೆಲ್ಲರ ಅನುಭವ. ಅಕ್ಕಿಗೆ, ಮೆಣಸಿಗೆ, ಹಟ್ಟಿ ಗಣಿಯ ಚಿನ್ನದ ಅದಿರಿಗೆ, ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ಲಿಂಕರಿಗೆ ಈ ಮಾತು ಸಲ್ಲುತ್ತದೆ. ಅಲ್ಯೂಮಿನಿಯಂ ಪುಡಿಗೆ ಸಲ್ಲುವುದಿಲ್ಲ. ಅದನ್ನು ಉಕ್ಕಿನ ಗುಂಡುಗಳ ಜೊತೆ ಒಂದು ಡಬ್ಬಿಯಲ್ಲಿ ಮುಚ್ಚಿ, ಬೇರೇನೂ ಸೇರಿಸದೆ ಕೆಲವು ಗಂಟೆ ಜೋರಾಗಿ ಕುಲುಕಿ ತೆರೆದು ನೋಡಿ. ಪುಡಿ ಗುಂಡುಗಳಿಗೆ ಮೆತ್ತಿಕೊಂಡಿರುತ್ತದೆ, ಡಬ್ಬಿಯ ಗೋಡೆಗೆ ಅಂಟಿಕೊಂಡಿರುತ್ತದೆ, ಮಿಕ್ಕಿದ್ದು ಹಾಕಿದ್ದಕ್ಕಿಂತ ದಪ್ಪನೆಯ ಹಳಕುಗಳಾಗಿ ಸಿಗುತ್ತದೆ. ಮೆದು ಲೋಹದ ಎರಡು ತಾಜಾ ಮೈಗಳನ್ನು ಒತ್ತಿ ಸೇರಿಸಿದರೆ ಬೆಂಕಿಯಿಲ್ಲದೆಯೇ ಬೆಸೆದುಕೊಳ್ಳುತ್ತವೆ. ಗುಂಡಿನ ಪ್ರತಿ ಏಟೂ ಹಳೆಯ ಮೈಯನ್ನು ಒಡೆದು ತಾಜಾ ಮೈಯನ್ನು ಹೊರಗೆಡಹುತ್ತದೆ. ಅದೇ ಏಟು ಆ ತಾಜಾ ಮೈಗಳನ್ನು ಒಂದಕ್ಕೊಂದು ಒತ್ತುತ್ತದೆ.

ಸೋಜಿಗವೆಂದರೆ, ಹೊರಗಿನ ಕಣ ಹೀಗೆ ದೊಡ್ಡದಾಗುತ್ತಿರುವಾಗಲೇ ಅದರೊಳಗಿನ ಹರಳುಗಳು ಕ್ಷಣಕ್ಷಣಕ್ಕೂ ಚಿಕ್ಕದಾಗುತ್ತಿರುತ್ತವೆ. ನ್ಯಾನೊರಚನೆಯ ಮಿಶ್ರಲೋಹದ ಪುಡಿಗಳ ಬಗ್ಗೆ ಕಳೆದ ನಾಲ್ಕೈದು ದಶಕಗಳಲ್ಲಿ ಬಂದಿರುವ ರಾಶಿ ರಾಶಿ ಬರಹದ ಹಿಂದಿರುವುದು ಈ ಎದುರುಬದುರು ಓಟ.

ಕಣ ಮತ್ತು ಹರಳು ಎಂಬ ಎರಡು ಮಾತುಗಳನ್ನು ಬೇರೆಬೇರೆಯಾಗಿ ಹಿಡಿದುಕೊಳ್ಳದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ಲೋಹದ ತುಂಡು ಎಂದರೆ ಹರಳುಗಳ ಒಟ್ಟಿಲು. ಒಂದು ಹರಳಿನೊಳಗೆ ಪರಮಾಣುಗಳು ಒಂದೇ ದಿಕ್ಕಿನಲ್ಲಿ ಸಾಲಾಗಿ ನಿಂತಿರುತ್ತವೆ. ಪಕ್ಕದ ಹರಳಿನಲ್ಲಿ ಸಾಲಿನ ದಿಕ್ಕು ಬೇರೆ. ನಡುವೆ ಇರುವುದು ಹರಳಿನ ಗಡಿ. ಪ್ರಯೋಗಾಲಯಗಳಲ್ಲಿ ಹರಳಿಗೆ ಗ್ರೇನ್ ಎಂದೇ ಹೇಳುತ್ತಾರೆ. ಗುಂಡುಗಳ ಈ ಡಬ್ಬಿಯಿಂದ, ಅಂದರೆ ಬಾಲ್ ಮಿಲ್ಲಿನಿಂದ, ಹೊರಬರುವ ಕಣ ಸಾಮಾನ್ಯವಾಗಿ ಮೈಕ್ರೊಮೀಟರುಗಳ ಲೆಕ್ಕದ್ದು, ಮುಖಕ್ಕೆ ಹಚ್ಚುವ ಪೌಡರಿನ ಆಸುಪಾಸಿನದು. ನ್ಯಾನೊ ಆಗಿರುವುದು ಅದರೊಳಗಿನ ಹರಳು. 10 ಮೈಕ್ರೊಮೀಟರ್ ಅಗಲದ ಒಂದು ಕಣದಲ್ಲಿ 20 ನ್ಯಾನೊಮೀಟರಿನ ಹರಳುಗಳಿವೆ ಎಂದುಕೊಳ್ಳಿ. ಉದ್ದಕ್ಕೆ 500, ಅಗಲಕ್ಕೆ 500, ಎತ್ತರಕ್ಕೆ 500, ಒಟ್ಟು 12.5 ಕೋಟಿ. 2011ರ ಜನಗಣತಿಯ ಕರ್ನಾಟಕದ ಎರಡು ಪಟ್ಟು ಮಂದಿ ಕಣ್ಣಿಗೆ ಕಾಣದ ಒಂದು ಧೂಳಿನೊಳಗೆ! ಇದನ್ನು ‘ನ್ಯಾನೊ ಪುಡಿ’ ಎಂದು ಮಾರುವವರೂ ಇದ್ದಾರೆ, ಬರೆಯುವವರೂ ಇದ್ದಾರೆ. ‘ನ್ಯಾನೊರಚನೆಯ ಪುಡಿ’ ಎಂದರೆ ಮಾತು ನೆಟ್ಟಗಾಗುತ್ತದೆ.

ಹರಳು ಚಿಕ್ಕದಾದಷ್ಟೂ ಗಡಿ ಹೆಚ್ಚುತ್ತದೆ. 100 ನ್ಯಾನೊಮೀಟರಿನ ಹರಳುಗಳಲ್ಲಿ ಶೇಕಡ 3ರಷ್ಟು ಪರಮಾಣುಗಳು ಗಡಿಯಲ್ಲಿದ್ದರೆ, 10 ನ್ಯಾನೊಮೀಟರಿನಲ್ಲಿ ಅದು ಶೇಕಡ 30ರ ಹತ್ತಿರ, 5ಕ್ಕೆ ಇಳಿದರೆ ಸುಮಾರು ಅರ್ಧ. ಊರಿಗಿಂತ ಗಡಿಯೇ ದೊಡ್ಡದಾದ ಮೇಲೆ ಲೋಹದ ನಡತೆ ಬದಲಾಗದೆ ಇರುವುದು ಹೇಗೆ?

ಬೆಂಕಿಯಿಲ್ಲದ ಕುಲುಮೆ

ಅರೆದು ವಸ್ತುವನ್ನು ಮಾರ್ಪಡಿಸುವ ವಿದ್ಯೆ ಹೊಸದಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಬರಹಗಾರ ಥಿಯೋಫ್ರಾಸ್ಟಸ್, ಪಾದರಸ–ಗಂಧಕದ ಅದಿರಾದ ಇಂಗಳೀಕವನ್ನು ತಾಮ್ರದ ಕಲ್ಬತ್ತಿನಲ್ಲಿ ತಾಮ್ರದ ಹಾರೆಯಿಂದ, ವಿನೆಗರ್ ಹಾಕಿ ಅರೆದರೆ ಪಾದರಸ ಬರುತ್ತದೆ ಎಂದು ಬರೆದಿಟ್ಟಿದ್ದಾನೆ. ನಮ್ಮ ರಸಶಾಸ್ತ್ರದವರು ಇದರ ತಿರುಗುಮುರುಗು ಮಾಡಿದರು. ಪಾದರಸವನ್ನೂ ಗಂಧಕವನ್ನೂ ಖಲ್ವದಲ್ಲಿ ಹಾಕಿ, ಪಾದರಸದ ಹೊಳಪು ಪೂರಾ ಅಡಗಿ ಕಾಡಿಗೆಯಂಥ ಕಪ್ಪು ಪುಡಿಯಾಗುವವರೆಗೆ ಅರೆಯುವುದು, ಅದೇ ಕಜ್ಜಲಿ. ಬೆಂಕಿ ಬೇಕಿಲ್ಲ, ರಟ್ಟೆಯ ಬಲವೊಂದೇ ಎರಡು ಮೂಲವಸ್ತುಗಳನ್ನು ಸಂಯುಕ್ತವಾಗಿಸುತ್ತದೆ. ಇದರ ಔಷಧೀಯ ಗುಣದ ಚರ್ಚೆ ಬೇರೆ ಕಡೆ ಆಗಲಿ. ರಸಾಯನದ ಮಟ್ಟಿಗೆ ಇದು ಅಪ್ಪಟ ಯಾಂತ್ರಿಕ ಸಂಶ್ಲೇಷಣೆ.

ಲೋಹದ ಮಟ್ಟಿಗೆ ಕಥೆ ಶುರುವಾಗುವುದು 1960ರ ದಶಕದ ಅಮೆರಿಕದಲ್ಲಿ, ಇಂಟರ್‌ನ್ಯಾಷನಲ್ ನಿಕ್ಕಲ್ ಕಂಪನಿಯ ಪ್ರಯೋಗಾಲಯದಲ್ಲಿ. ಜೆಟ್ ಎಂಜಿನ್ನಿನ ಒಳಭಾಗಕ್ಕೆ ಬೇಕಾದ ನಿಕ್ಕಲ್ ಮಿಶ್ರಲೋಹ ಅವರ ಗುರಿ. ಆ ಲೋಹಕ್ಕೆ ಬಲ ಕೊಡುವುದು ಅದರೊಳಗೇ ಹುಟ್ಟುವ ಸಣ್ಣ ಸಣ್ಣ ತುಣುಕುಗಳು. ಶಾಖ ತೀರ ಏರಿದರೆ ಅವು ಕರಗಿಹೋಗುತ್ತವೆ. ಕರಗದೆ ಉಳಿಯುವುದು ಇಟ್ರಿಯಾದಂಥ ಆಕ್ಸೈಡಿನ ಕಣ. ಅದನ್ನು ಕರಗಿದ ಲೋಹಕ್ಕೆ ಸುರಿದರೆ ಮೇಲೆ ತೇಲಿ ಕಿಟ್ಟವಾಗಿ ನಿಲ್ಲುತ್ತದೆ, ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ಹಲವು ದಾರಿಗಳಲ್ಲಿ ಸೋತ ಮೇಲೆ ಜಾನ್ ಬೆಂಜಮಿನ್ ಮತ್ತು ಸಂಗಡಿಗರು ಕರಗಿಸುವ ಯೋಚನೆಯನ್ನೇ ಬಿಟ್ಟು ಎಲ್ಲವನ್ನೂ ಪುಡಿಯಾಗಿಯೇ ಗುಂಡುಗಳ ನಡುವೆ ಕುಟ್ಟಿದರು. 1970ರಲ್ಲಿ ಬೆಂಜಮಿನ್ ಪ್ರಕಟಿಸಿದ ಲೇಖನದಿಂದ ಈ ವಿಧಾನ ಜಗತ್ತಿಗೆ ತಿಳಿಯಿತು. ‘ಮೆಕ್ಯಾನಿಕಲ್ ಅಲಾಯಿಂಗ್’ ಎಂಬ ಹೆಸರನ್ನು ಕೊಟ್ಟವನು ವಿಜ್ಞಾನಿಯಲ್ಲ, ಕಂಪನಿಯ ಪೇಟೆಂಟ್ ವಕೀಲ ಮ್ಯಾಕ್ವೀನ್. ದೊಡ್ಡ ಪ್ರಮಾಣದ ತಯಾರಿಕೆಗೆ ಬಳಕೆಗೆ ಬಂದ ಯಂತ್ರವೂ ಎರವಲಿನದು. ಅಟ್ರಿಟರ್ ಎಂಬ ಆ ಕದಡುವ ಪೀಪಾಯಿಯನ್ನು ಸೆಗ್ವಾರಿ 1922ರಲ್ಲಿ ರೂಪಿಸಿದ್ದು ರಬ್ಬರಿಗೆ ಗಂಧಕ ಬೆರೆಸುವುದಕ್ಕೆ.

ಚಿರೋಟಿಯ ಲೆಕ್ಕ

ಡಬ್ಬಿಯೊಳಗೆ ನಡೆಯುವುದನ್ನು ಚಿರೋಟಿ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಳೆಯ ಮೇಲೆ ಹಾಳೆ ಇಟ್ಟು, ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿದಾಗ ಪದರಗಳ ಎಣಿಕೆ ಏರುತ್ತದೆ, ಒಂದೊಂದು ಪದರ ತೆಳ್ಳಗಾಗುತ್ತದೆ. ಇಲ್ಲಿ ಲಟ್ಟಣಿಗೆಯ ಬದಲು ಸೆಕೆಂಡಿಗೆ ಕೆಲವು ಮೀಟರ್ ವೇಗದಲ್ಲಿ ಹಾರಿಬರುವ ಗುಂಡುಗಳು. ಎರಡು ಗುಂಡುಗಳ ನಡುವೆ ಒಂದು ಸಲಕ್ಕೆ ಸಿಕ್ಕಿಬೀಳುವುದು ಸುಮಾರು ಸಾವಿರ ಕಣ, ಒಟ್ಟು ತೂಕ 0.2 ಮಿಲಿಗ್ರಾಂ ಎಂದು ಒಂದು ಅಂದಾಜಿದೆ. ತಾಮ್ರದ ಕಣವೊಂದು ಕಬ್ಬಿಣದ ಕಣದ ಜೊತೆ ಚಪ್ಪಟೆಯಾಗಿ ಬೆಸೆಯುತ್ತದೆ, ಜೋಡಿ ಮುರಿಯುತ್ತದೆ, ಮುರಿದ ತುಂಡು ಇನ್ನೊಂದರ ಮೇಲೆ ಬಿದ್ದು ಮತ್ತೆ ಬೆಸೆಯುತ್ತದೆ. 50 ಮೈಕ್ರೊಮೀಟರಿನ ಪದರ ಪ್ರತಿ ಸಲವೂ ಅರ್ಧಕ್ಕೆ ಇಳಿಯಿತು ಎಂದರೆ ಹತ್ತು ಸಲಕ್ಕೆ 50 ನ್ಯಾನೊಮೀಟರ್, ಹದಿನಾರನೆಯ ಸಲಕ್ಕೆ ಒಂದು ನ್ಯಾನೊಮೀಟರಿಗಿಂತ ಕಡಿಮೆ. ಮಿಲ್ಲು ಇಷ್ಟು ಅಚ್ಚುಕಟ್ಟಿನ ಅಡುಗೆಯವಳಲ್ಲ, ಹೆಚ್ಚಿನ ಏಟುಗಳು ವ್ಯರ್ಥವಾಗುತ್ತವೆ. ಆದರೂ ನಿಮಿಷಕ್ಕೆ ಸಾವಿರ ಸಲ ಕುಲುಕುವ ಯಂತ್ರದಲ್ಲಿ ಕೆಲವೇ ಗಂಟೆಗಳಲ್ಲಿ ಪರಮಾಣುಗಳ ಮಟ್ಟ ಮುಟ್ಟುವುದು ಯಾಕೆ ಕಷ್ಟವಲ್ಲ ಎನ್ನುವುದು ಈ ಲೆಕ್ಕದಿಂದ ತಿಳಿಯುತ್ತದೆ.

ಚಿರೋಟಿಯ ಪದರಗಳು ಒಂದಕ್ಕೊಂದು ಅಂಟದಿರಲೆಂದು ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟಿನ ಸಾಟಿ ಸವರುತ್ತಾರೆ. ಲೋಹದವರ ಸಾಟಿ ಸ್ಟಿಯರಿಕ್ ಆಮ್ಲ, ಮೆಥನಾಲ್, ಟೊಲುವಿನ್. ಸಾಮಾನ್ಯವಾಗಿ ತೂಕದಲ್ಲಿ ಶೇಕಡ 1ರಿಂದ 5. ಅದು ತಾಜಾ ಮೈಯ ಮೇಲೆ ತೆಳುವಾಗಿ ಹರಡಿ ಬೆಸುಗೆಯನ್ನು ಹದಕ್ಕೆ ತರುತ್ತದೆ. ಪೂರಾ ತಡೆದುಬಿಟ್ಟರೂ ಕೆಲಸ ಕೆಟ್ಟಿತು, ಬೆಸೆಯದಿದ್ದರೆ ಮಿಶ್ರಣವೇ ಇಲ್ಲ. ಹಾಗೆಂದು ಸಾಟಿಯ ಋಣ ಅಲ್ಲಿಗೇ ತೀರುವುದಿಲ್ಲ. ಏಟು ತಿಂದು ತಿಂದು ಆ ಸಾವಯವ ವಸ್ತು ಒಡೆಯುತ್ತದೆ. ಅದರ ಇಂಗಾಲ, ಆಮ್ಲಜನಕ ಲೋಹದೊಳಗೆ ನುಗ್ಗಿ ಕಾರ್ಬೈಡು, ಆಕ್ಸೈಡುಗಳಾಗಿ ಕೂರುತ್ತವೆ.

ಹೊರನೋಟಕ್ಕೆ ಪುಡಿ ಮೂರು ಹಂತ ದಾಟುತ್ತದೆ. ಮೊದಲು ಲೋಹ ಮೆದು, ಬೆಸುಗೆಯದೇ ಮೇಲುಗೈ, ಕಣಗಳು ಚಪ್ಪಟೆ ಬಿಲ್ಲೆಗಳಾಗಿ ಬೆಳೆಯುತ್ತವೆ. ಏಟು ತಿಂದ ಲೋಹ ಗಡಸಾಗಿ ಪೆಡಸಾಗುತ್ತದೆ, ಆಗ ಒಡೆಯುವುದು ಹೆಚ್ಚುತ್ತದೆ. ಕೊನೆಗೆ ಬೆಸುಗೆ ಎಷ್ಟೋ ಒಡಕೂ ಅಷ್ಟೇ ಆಗಿ ಕಣದ ಸರಾಸರಿ ಗಾತ್ರ ಒಂದೆಡೆ ನಿಲ್ಲುತ್ತದೆ. ಹೊರಗೆ ಇನ್ನೇನೂ ಆಗುತ್ತಿಲ್ಲವೆಂದು ಕಾಣುವ ಈ ಹೊತ್ತಿನಲ್ಲೂ ಒಳಗಿನ ಪದರಗಳು ತೆಳ್ಳಗಾಗುತ್ತಲೇ ಇರುತ್ತವೆ.

ಹರಳು ಒಡೆಯುವ ಬಗೆ

ಪದರ ತೆಳ್ಳಗಾಗುವುದು ಒಂದು, ಹರಳು ಚಿಕ್ಕದಾಗುವುದು ಇನ್ನೊಂದು. ಒಂದೇ ಲೋಹವನ್ನು, ಬರಿಯ ಕಬ್ಬಿಣವನ್ನು, ಬೆರಕೆಯಿಲ್ಲದೆ ಅರೆದರೂ ಹರಳು ನ್ಯಾನೊ ಗಾತ್ರಕ್ಕೆ ಇಳಿಯುತ್ತದೆ. ಇದನ್ನು ತಿಳಿಯಲು ಡಿಸ್ಲೊಕೇಷನ್ ಎಂಬುದನ್ನು ನೆನೆಯಬೇಕು. ಹಾಸಿದ ಜಮಖಾನವನ್ನು ಇಡಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಇನ್ನೊಂದು ತುದಿಗೆ ತಳ್ಳಿದರೆ ಜಮಖಾನ ಸಲೀಸಾಗಿ ಸರಿಯುತ್ತದೆ. ಲೋಹ ಬಾಗುವುದು, ಚಪ್ಪಟೆಯಾಗುವುದು ಪರಮಾಣುಗಳ ಸಾಲಿನಲ್ಲಿ ಹರಿದಾಡುವ ಇಂಥ ಸುಕ್ಕುಗಳಿಂದ.

ಈ ಒಡೆತದ ಕಥೆಯನ್ನು ಈಗಲೂ ಎಲ್ಲರೂ ಒಪ್ಪುವಂತೆ ಹೇಳಿದವರು ಹಾನ್ಸ್ ಫೆಕ್ಟ್, ವಿಲಿಯಂ ಜಾನ್ಸನ್ ಮತ್ತು ಸಂಗಡಿಗರು, 1989–90ರಲ್ಲಿ. ಅವರು ನೋಡಿದ್ದು ರುಥೇನಿಯಂ ಮತ್ತು ಅಲ್ಯೂಮಿನಿಯಂ–ರುಥೇನಿಯಂ ಸಂಯುಕ್ತ. ಮೊದಲು ಏಟಿನ ಭಾರವೆಲ್ಲ ಅರ್ಧದಿಂದ ಒಂದು ಮೈಕ್ರೊಮೀಟರ್ ಅಗಲದ ಪಟ್ಟೆಗಳಲ್ಲಿ ಕೇಂದ್ರೀಕರಿಸುತ್ತದೆ. ಆ ಪಟ್ಟೆಗಳಲ್ಲಿ ಡಿಸ್ಲೊಕೇಷನ್ನುಗಳು ಜಾತ್ರೆಯಂತೆ ನೆರೆಯುತ್ತವೆ. ನೆರೆದದ್ದು ಮಿತಿ ಮೀರಿದಾಗ ಅವು ತಮ್ಮಲ್ಲೇ ಕೆಲವನ್ನು ಅಳಿಸಿಕೊಂಡು, ಉಳಿದವು ಸಾಲುಗೂಡಿ ಗೋಡೆಗಳಾಗುತ್ತವೆ. ಪಟ್ಟೆ ಸಣ್ಣ ಸಣ್ಣ ಕೋಣೆಗಳಾಗಿ ಒಡೆಯುತ್ತದೆ. ಕೋಣೆಯ ಅಗಲ 20–25 ನ್ಯಾನೊಮೀಟರ್, ಅಕ್ಕಪಕ್ಕದ ಕೋಣೆಗಳ ನಡುವೆ ದಿಕ್ಕಿನ ವ್ಯತ್ಯಾಸ ಕಡಿಮೆ. ಅರೆಯುವುದನ್ನು ಮುಂದುವರಿಸಿದರೆ ಈ ಕೋಣೆಗಳು ಒಂದರ ಪಕ್ಕ ಒಂದು ಜಾರಿ, ತಿರುಗಿ, ಯಾವುದರ ದಿಕ್ಕಿಗೂ ಯಾವುದರ ದಿಕ್ಕಿಗೂ ಸಂಬಂಧವಿಲ್ಲದಂತಾಗುತ್ತವೆ. ಆಗ ಅವು ನಿಜವಾದ ನ್ಯಾನೊ ಹರಳುಗಳು.

ಮುಂದೆ? ಇನ್ನೂ ನೂರು ಗಂಟೆ ಅರೆದರೆ 2 ನ್ಯಾನೊಮೀಟರ್ ಆಗುವುದಿಲ್ಲವೇ? ಆಗುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತಿ ಮುಖ್ಯವಾದ ತಿಳಿವು ಇದು. 1992ರಲ್ಲಿ ಎಕರ್ಟ್, ಹೋಲ್ಜರ್, ಕ್ರಿಲ್ ಮತ್ತು ಜಾನ್ಸನ್ ಒಂದೇ ಬಗೆಯ ಜೋಡಣೆಯ, ಘನದ ಆರೂ ಮುಖಗಳ ನಡುವೆ ಪರಮಾಣು ಕೂತಿರುವ ಎಫ್‌ಸಿಸಿ ರಚನೆಯ ಲೋಹಗಳನ್ನು ಒಂದೊಂದಾಗಿ ಅರೆದು ನೋಡಿದರು. ಪ್ರತಿಯೊಂದೂ ತನ್ನದೇ ಆದ ಒಂದು ಗಾತ್ರಕ್ಕೆ ಬಂದು ನಿಂತಿತು. ಆ ಗಾತ್ರಗಳು 6ರಿಂದ 22 ನ್ಯಾನೊಮೀಟರಿನ ನಡುವೆ. ಕರಗುಬಿಂದು ಹೆಚ್ಚಿದಷ್ಟೂ ಕೊನೆಯ ಹರಳು ಚಿಕ್ಕದು: 660 ಡಿಗ್ರಿಯಲ್ಲೇ ಕರಗುವ ಅಲ್ಯೂಮಿನಿಯಂ ದೊಡ್ಡ ಹರಳಿನ ತುದಿಯಲ್ಲಿ, 2400 ಡಿಗ್ರಿ ದಾಟಿದ ಮೇಲೆ ಕರಗುವ ಇರಿಡಿಯಂ ಚಿಕ್ಕ ಹರಳಿನ ತುದಿಯಲ್ಲಿ.

ಇದಕ್ಕೆ ಅವರು ಕೊಟ್ಟ ಅರ್ಥ ಸರಳ. ಏಟು ಗಾಯ ಮಾಡುತ್ತದೆ, ಲೋಹ ಗಾಯ ಮಾಯಿಸಿಕೊಳ್ಳುತ್ತದೆ. ಕಡಿಮೆ ಶಾಖಕ್ಕೆ ಕರಗುವ ಲೋಹದಲ್ಲಿ ಪರಮಾಣುಗಳು ಕೊಠಡಿಯ ಶಾಖದಲ್ಲೂ ಚುರುಕು, ಮಾಯುವುದು ಬೇಗ, ಹರಳು ದೊಡ್ಡದಾಗಿ ಉಳಿಯುತ್ತದೆ. ಗಾಯದ ವೇಗ, ಮಾಯುವ ವೇಗ ಸಮನಾದ ಕಡೆ ಗಾತ್ರ ನಿಲ್ಲುತ್ತದೆ. ನ್ಯಾನೊ ಗಾತ್ರ ಬರುವುದು ಅರೆಯುವವನ ಹಟದಿಂದಲ್ಲ. ಆ ಲೋಹ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಎಂಬುದರಿಂದ. ಹಾಗಾಗಿ ‘80 ಗಂಟೆ ಅರೆದು’ ಎಂದು ಹೆಮ್ಮೆಯಿಂದ ಬರೆದ ಪ್ರಬಂಧ ಕಂಡಾಗ ಕೇಳಬೇಕಾದ್ದು, ಗಾತ್ರ ಯಾವ ಗಂಟೆಯಲ್ಲಿ ನಿಂತಿತು ಎಂದು. ಅದರ ನಂತರದ ಗಂಟೆಗಳಲ್ಲಿ ಪುಡಿಗೆ ಸೇರಿದ್ದು ಬಹುಮಟ್ಟಿಗೆ ಗುಂಡಿನ ಸವೆತ.

ಮಾಯುವುದನ್ನು ನಿಧಾನಿಸುವ ಉಪಾಯ ಎಂದರೆ ತಂಪು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಅರೆಯುವ ಕ್ರಯೊಮಿಲ್ಲಿಂಗ್ 1980ರ ದಶಕದ ಕೊನೆಯಲ್ಲಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಲವೇರ್ನಿಯಾ ಗುಂಪು ಅದನ್ನು ಚೆನ್ನಾಗಿ ಬೆಳೆಸಿತು. ತಂಪಿನಲ್ಲಿ ಬೆಸುಗೆಯೂ ಕಡಿಮೆ, ಮಾಯುವುದೂ ಕಡಿಮೆ. ಜೊತೆಗೆ ಸಾರಜನಕ ಲೋಹದೊಳಗೆ ಸೇರಿ ಹುಟ್ಟಿಸುವ ಅತಿ ಸಣ್ಣ ನೈಟ್ರೈಡುಗಳು ಮುಂದೆ ಬಿಸಿ ಮಾಡುವಾಗ ಹರಳು ಬೆಳೆಯದಂತೆ ಗೂಟ ಹೊಡೆಯುತ್ತವೆ. ಕಲಬೆರಕೆ ಉಪಕಾರಕ್ಕೆ ಬಂದ ಅಪರೂಪದ ಉದಾಹರಣೆ.

ಗಾಯ ತಿಂದ ಪುಡಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಉಕ್ಕನ್ನು ಲಟ್ಟಿಸುವಂಥ ಮಾಮೂಲಿ ಕೆಲಸದಲ್ಲಿ ಲೋಹದೊಳಗೆ ಉಳಿಯುವ ಶಕ್ತಿ ತೀರ ಅಲ್ಪ. ಅರೆದ ಪುಡಿಯಲ್ಲಿ ಅದು ಕರಗಿಸಲು ಬೇಕಾದ ಶಾಖದ ಶೇಕಡ 10ರಿಂದ 40ರವರೆಗೆ ಹೋಗುತ್ತದೆ, ಮತ್ತು ಅದರ ಹೆಚ್ಚಿನ ಪಾಲು ಗಡಿಗಳಲ್ಲಿರುತ್ತದೆ.

ಒಲ್ಲದವರ ಒಡನಾಟ

ತಾಮ್ರ ಮತ್ತು ಕಬ್ಬಿಣ ಗಟ್ಟಿ ರೂಪದಲ್ಲಿ ಒಂದನ್ನೊಂದು ಸೇರಿಸಿಕೊಳ್ಳುವುದಿಲ್ಲ. ಕರಗಿಸಿ ಬೆರೆಸಿದರೂ ತಣಿಯುವಾಗ ಬೇರೆಯಾಗುತ್ತವೆ. ಕೊಠಡಿಯ ಶಾಖದಲ್ಲಿ ಒಂದರಲ್ಲಿ ಇನ್ನೊಂದರ ಕರಗುವಿಕೆ ಇಲ್ಲವೆಂದೇ ಹೇಳಬೇಕು. ಬಾಲ್ ಮಿಲ್ಲಿನಲ್ಲಿ ಮಾತ್ರ ಕಬ್ಬಿಣ ನೂರಕ್ಕೆ ಅರವತ್ತು ಪರಮಾಣುಗಳಷ್ಟಾದರೂ ತಾಮ್ರದ ಎಫ್‌ಸಿಸಿ ರಚನೆಯೊಳಗೆ ಸೇರಿಕೊಳ್ಳುತ್ತದೆ. ಕಬ್ಬಿಣದ ಪಾಲು ಇನ್ನೂ ಏರಿ ಎಂಬತ್ತರ ಹತ್ತಿರ ಹೋದರೆ ಮನೆ ಕಬ್ಬಿಣದ್ದಾಗುತ್ತದೆ, ತಾಮ್ರ ಅಲ್ಲಿ ಬಾಡಿಗೆದಾರ.

ಉಷ್ಣಶಾಸ್ತ್ರ ಬೇಡವೆಂದದ್ದು ಹೇಗಾಯಿತು ಎಂಬ ಪ್ರಶ್ನೆಗೆ ಎರಡು ದಿಕ್ಕಿನಿಂದ ಉತ್ತರ ಬಂದಿದೆ. 1992ರಲ್ಲಿ ಯಾವರಿ, ದೆಸ್ರೇ ಮತ್ತು ಬೆನಾಮೂರ್ ಹೇಳಿದ್ದು: ಒಂದೆರಡು ನ್ಯಾನೊಮೀಟರಿನ ಚೂಪು ತುದಿಗಳಲ್ಲಿ ಮೇಲ್ಮೈ ಎಳೆತದ ಒತ್ತಡವೇ ಎಷ್ಟಿರುತ್ತದೆ ಎಂದರೆ ಆ ತುದಿ ಪಕ್ಕದ ಲೋಹದಲ್ಲಿ ಕರಗದೆ ಗತ್ಯಂತರವಿಲ್ಲ. ಬೆಲ್ಲೋನ್ ಮತ್ತು ಅವರ್‌ಬ್ಯಾಕ್ 1995ರಲ್ಲಿ ಇನ್ನೂ ನೇರವಾದ ಚಿತ್ರ ಕೊಟ್ಟರು: ಡಿಸ್ಲೊಕೇಷನ್ ಎರಡು ಲೋಹಗಳ ಗಡಿಯನ್ನು ಹಾದುಹೋದಾಗಲೆಲ್ಲ ಗಡಿ ಒಂದು ಪರಮಾಣುವಿನಷ್ಟು ಮೆಟ್ಟಿಲಾಗಿ ಜಾರುತ್ತದೆ, ಸಾವಿರ ಸಲ ಸಾವಿರ ದಿಕ್ಕಿನಿಂದ ಜಾರಿದರೆ ಗಡಿಯೇ ಉಳಿಯುವುದಿಲ್ಲ. ನನಗೆ ಎರಡನೆಯದು ಹೆಚ್ಚು ಒಪ್ಪಿಗೆ. ಕಾರಣ, ಶಾಖದ ಪಾತ್ರವನ್ನು ಅದು ಚೆನ್ನಾಗಿ ವಿವರಿಸುತ್ತದೆ. ಬೆಳ್ಳಿ–ತಾಮ್ರದ ಜೋಡಿಯನ್ನು ತಂಪಾಗಿ ಅರೆದರೆ ಒಂದೇ ದ್ರಾವಣವಾಗುತ್ತದೆ, ಬಿಸಿಯಾಗಿ ಅರೆದರೆ ಎರಡೂ ಬೇರೆ ಬೇರೆ ಉಳಿಯುತ್ತವೆ. ಏಟು ಬೆರೆಸುತ್ತದೆ, ಶಾಖ ಬಿಡಿಸುತ್ತದೆ. ಈ ಹಗ್ಗಜಗ್ಗಾಟದ ಗಣಿತವನ್ನು ಫ್ರಾನ್ಸಿನ ಜಾರ್ಜ್ ಮಾರ್ಟಿನ್ 1984ರಲ್ಲಿ ಬರೆದದ್ದು ಬೇರೊಂದಕ್ಕಾಗಿ, ವಿಕಿರಣದ ಏಟು ತಿನ್ನುವ ಲೋಹಕ್ಕಾಗಿ. ನ್ಯೂಟ್ರಾನಿನ ಏಟಿಗೂ ಉಕ್ಕಿನ ಗುಂಡಿನ ಏಟಿಗೂ ಒಂದೇ ಸೂತ್ರ ಒಗ್ಗಿತು.

ಕೆಲವು ಜೋಡಿಗಳಲ್ಲಿ ಏಟು ಹರಳಿನ ಸಾಲನ್ನೇ ಕೆಡಿಸಿ ಲೋಹವನ್ನು ಗಾಜಾಗಿಸುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಯೆರ್ಮಕೋವ್ ಮತ್ತು ಸಂಗಡಿಗರು 1981ರಲ್ಲಿ ಇಟ್ರಿಯಂ–ಕೋಬಾಲ್ಟ್ ಸಂಯುಕ್ತಗಳನ್ನು ಅರೆದು ಇದನ್ನು ಕಂಡರು. 1983ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಕಾರ್ಲ್ ಕೋಖ್ ಗುಂಪು ಬಿಡಿ ನಿಕ್ಕಲ್ ಮತ್ತು ನಯೋಬಿಯಂ ಪುಡಿಗಳನ್ನು 60ಕ್ಕೆ 40ರಂತೆ ಬೆರೆಸಿ ಅರೆದು ಲೋಹಗಾಜನ್ನೇ ಪಡೆಯಿತು. ಅಲ್ಲಿಯವರೆಗೆ ಲೋಹಗಾಜು ಬೇಕೆಂದರೆ ಸಾಮಾನ್ಯವಾಗಿ ಕರಗಿದ ಲೋಹವನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಡಿಗ್ರಿಯ ವೇಗದಲ್ಲಿ ತಣಿಸಬೇಕಿತ್ತು. ಇಲ್ಲಿ ಕರಗಿಸುವ ಮಾತೇ ಇಲ್ಲ. ನಿಕ್ಕಲ್–ಜಿರ್ಕೋನಿಯಂನಲ್ಲಿ ಕಂಡ ಇನ್ನೊಂದು ಸಂಗತಿ ಹೊಸಬರಿಗೆ ಎಚ್ಚರಿಕೆ: ಮಿಲ್ಲನ್ನು ಹದವಾದ ವೇಗದಲ್ಲಿ ಓಡಿಸಿದರೆ ಗಾಜು, ಅತಿ ವೇಗದಲ್ಲಿ ಓಡಿಸಿದರೆ ಪುಡಿ ಬಿಸಿಯೇರಿ ಮತ್ತೆ ಹರಳು. ವೇಗದ ಗುಂಡಿಯನ್ನು ಒಂದು ಅಂಕಿ ಆಚೆ ತಿರುಗಿಸಿದ್ದಕ್ಕೆ ಬೇರೆಯದೇ ವಸ್ತು ಕೈಗೆ ಬರುತ್ತದೆ.

ಒಬ್ಬರಿಗೊಬ್ಬರು ತೀರ ಇಷ್ಟವಾದ ಜೋಡಿಗಳ ಪಾಡು ಇನ್ನೊಂದು. ನಿಕ್ಕಲ್–ಅಲ್ಯೂಮಿನಿಯಂ ಸೇರುವಾಗ ಶಾಖ ಬಿಡುತ್ತವೆ. ಪದರಗಳು ಸಾಕಷ್ಟು ತೆಳ್ಳಗಾಗಿ, ತಾಜಾ ಮೈ ಸಾಕಷ್ಟು ಹೆಚ್ಚಿದ ಒಂದು ಗಳಿಗೆಯಲ್ಲಿ ಎಲ್ಲೋ ಒಂದು ಕಡೆ ಹೊತ್ತಿಕೊಂಡರೆ ಡಬ್ಬಿಯ ಇಡೀ ಪುಡಿಗೆ ಹರಡುತ್ತದೆ. 1990ರಲ್ಲಿ ಮೈಕೆಲ್ ಅಟ್ಜ್ಮನ್ ಡಬ್ಬಿಯ ಶಾಖವನ್ನು ಅರೆಯುತ್ತಿರುವಾಗಲೇ ಅಳೆದು ಈ ದಿಢೀರ್ ಏರಿಕೆಯನ್ನು ಹಿಡಿದರು. ಇಂಥ ಪುಡಿಯಲ್ಲಿ ಹರಳು ಅರೆದದ್ದರಿಂದ ಚಿಕ್ಕದಾಯಿತು ಎನ್ನುವಂತಿಲ್ಲ. ಉರಿದು ಹುಟ್ಟಿದ್ದನ್ನು ಮತ್ತೆ ಅರೆಯಬೇಕಾಗುತ್ತದೆ.

ಅಳತೆಗೋಲಿನ ತಗಾದೆ

ಇಷ್ಟೆಲ್ಲ ನ್ಯಾನೊಮೀಟರುಗಳನ್ನು ಅಳೆದದ್ದು ಹೇಗೆ? ಬಹುಪಾಲು ಎಕ್ಸ್-ರೇ ವಿವರ್ತನೆಯಿಂದ. ಹರಳು ದೊಡ್ಡದಿದ್ದರೆ ಎಕ್ಸ್-ರೇ ನಕ್ಷೆಯಲ್ಲಿ ಶಿಖರಗಳು ಸೂಜಿಯಂತೆ. ಹರಳು ಚಿಕ್ಕದಾದಂತೆ ಶಿಖರ ದಪ್ಪಗಾಗುತ್ತದೆ. ದಪ್ಪದಿಂದ ಗಾತ್ರ ತೆಗೆಯುವ ಸೂತ್ರ ಷೆರರ್ 1918ರಲ್ಲಿ ಕೊಟ್ಟದ್ದು. ತೊಂದರೆ ಏನೆಂದರೆ ಶಿಖರ ದಪ್ಪಗಾಗಲು ಇನ್ನೊಂದು ಕಾರಣವಿದೆ, ಹರಳಿನೊಳಗಿನ ಸೆಳೆತ. ಏಟು ತಿಂದ ಪುಡಿಯಲ್ಲಿ ಅದು ಧಾರಾಳ. ಜೊತೆಗೆ ಯಂತ್ರದ್ದೇ ಒಂದಿಷ್ಟು ದಪ್ಪ. ವಿಲಿಯಮ್ಸನ್ ಮತ್ತು ಹಾಲ್ 1953ರಲ್ಲಿ ತೋರಿಸಿದ ಹಾಗೆ, ವಿವರ್ತನೆಯ ಕೋನ ಹೆಚ್ಚಿದಂತೆ ಎರಡೂ ಕಾರಣಗಳು ಬೇರೆ ಬೇರೆ ರೀತಿಯಲ್ಲಿ ಬದಲಾಗುವುದರಿಂದ ಹಲವು ಶಿಖರಗಳನ್ನು ಒಟ್ಟಿಗೆ ನೋಡಿದರೆ ಅವನ್ನು ಬಿಡಿಸಬಹುದು. ಇಷ್ಟಾದರೂ ಒಂದೇ ಒಂದು ಶಿಖರವನ್ನು ಷೆರರ್ ಸೂತ್ರಕ್ಕೆ ಹಾಕಿ ‘12.37 ನ್ಯಾನೊಮೀಟರ್’ ಎಂದು ಬರೆಯುವ ಚಾಳಿ ಹೋಗಿಲ್ಲ. ದಶಮಾಂಶದ ಮುಂದಿನ ಆ ಎರಡು ಅಂಕಿಗಳನ್ನು ಕಂಡರೆ ನನಗೆ ನಗು ಬರುತ್ತದೆ.

ಅದಕ್ಕಿಂತ ಸೂಕ್ಷ್ಮವಾದ ಮೋಸ ಇನ್ನೊಂದಿದೆ. ಅರೆಯುತ್ತ ಹೋದಂತೆ ಎರಡನೆಯ ಲೋಹದ ಶಿಖರ ಕುಗ್ಗಿ ಮಾಯವಾಗುತ್ತದೆ. ಕೂಡಲೇ ‘ಪೂರ್ಣ ದ್ರಾವಣವಾಯಿತು’ ಎಂಬ ತೀರ್ಪು. ಶಿಖರ ದಪ್ಪಗಾಗಿ ಹಿನ್ನೆಲೆಯಲ್ಲಿ ಮುಳುಗಿದರೂ ಮಾಯವಾದಂತೆಯೇ ಕಾಣುತ್ತದೆ. ಉಳಿದ ಶಿಖರದ ಜಾಗ ಸರಿದಿದೆಯೇ ಎಂದು ನೋಡಬೇಕು, ಕಬ್ಬಿಣವಿದ್ದರೆ ಮೋಸ್‌ಬವರ್ ಪರೀಕ್ಷೆ ಮಾಡಬೇಕು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬೇಕು, ಸಾಧ್ಯವಾದರೆ ಆಟಂ ಪ್ರೋಬಿನಲ್ಲಿ ಪರಮಾಣುಗಳನ್ನು ಎಣಿಸಬೇಕು.

ಕಲಬೆರಕೆಯ ವಿಷಯಕ್ಕೆ ಬಂದರೆ ಟೈಟೇನಿಯಂನ ಪ್ರಸಂಗವೊಂದೇ ಸಾಕು. ಟೈಟೇನಿಯಂ ಮತ್ತು ಅದರ ಮಿಶ್ರಲೋಹಗಳನ್ನು ಅರೆದಾಗ ಎಫ್‌ಸಿಸಿ ರಚನೆಯ ಹೊಸ ರೂಪ ಸಿಕ್ಕಿತೆಂದು ಹಲವರು ಬರೆದರು. ತಿರುಗಿ ನೋಡಿದಾಗ ಅವುಗಳಲ್ಲಿ ಎಷ್ಟೋ ಕಡೆ ಇದ್ದದ್ದು ಡಬ್ಬಿಯ ಮುಚ್ಚಳದ ಸಂದಿಯಿಂದ ನುಸುಳಿದ ಗಾಳಿ. ಸಾರಜನಕ ಸೇರಿದ ಟೈಟೇನಿಯಂ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದು ಮುಂದೆ ಅಮೆರಿಕಕ್ಕೆ ಹೋದ ಸಿ. ಸೂರ್ಯನಾರಾಯಣ 2001ರಲ್ಲಿ ಬರೆದ ಸುಮಾರು ಇನ್ನೂರು ಪುಟಗಳ ಸಮೀಕ್ಷೆಯಲ್ಲಿ ಈ ಕಲಬೆರಕೆಯ ಚರ್ಚೆಗೆ ಕೊಟ್ಟ ಜಾಗವನ್ನು ನೋಡಿದರೆ ಕಾಯಿಲೆ ಎಷ್ಟು ಹರಡಿತ್ತೆಂದು ತಿಳಿಯುತ್ತದೆ. ಈ ವಿಧಾನದವರು ಇಂದಿಗೂ ಮೊದಲು ತೆರೆಯುವ ಬರಹ ಅದು.

ಬಿಸಿಯ ಮುಂದೆ ನಿಲ್ಲುವ ಪುಡಿ

ಹರಳು ಚಿಕ್ಕದಾದರೆ ಲೋಹ ಗಡಸಾಗುತ್ತದೆ ಎನ್ನುವುದು 1950ರ ದಶಕದ ಹಾಲ್ ಮತ್ತು ಪೆಚ್ ನಿಯಮ. ಅದು ಎಲ್ಲಿಯವರೆಗೆ ನಡೆಯುತ್ತದೆ? 1989ರಲ್ಲಿ ಅತುಲ್ ಚೋಕ್ಷಿ, ಗ್ಲೈಟರ್ ಮತ್ತು ಜೊತೆಗಾರರು ನ್ಯಾನೊ ತಾಮ್ರ ಮತ್ತು ಪಲ್ಲೇಡಿಯಂನಲ್ಲಿ ನಿಯಮ ತಿರುಗಿ ಬೀಳುವುದನ್ನು ವರದಿ ಮಾಡಿದರು; ಚೋಕ್ಷಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅವರ ಮಾದರಿಗಳು ಆವಿಯಿಂದ ಸಾಂದ್ರೀಕರಿಸಿದವು. ಮರುವರ್ಷ ಜಾಂಗ್ ಮತ್ತು ಕೋಖ್ ಬಾಲ್ ಮಿಲ್ಲಿನ ಕಬ್ಬಿಣದಲ್ಲಿ ಕಂಡದ್ದು ಗಡಸುತನ ಏರುತ್ತಲೇ ಹೋಗುವುದನ್ನು. ತಯಾರಿಸಿದ ಬಗೆಯನ್ನು ಬಿಟ್ಟು ಬರಿಯ ಹರಳಿನ ಗಾತ್ರವನ್ನು ಹಿಡಿದು ವಾದಿಸಬಾರದು ಎನ್ನುವುದಕ್ಕೆ ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ನಿಜವಾದ ಇಕ್ಕಟ್ಟು ಬೇರೆ. ಪುಡಿ ಪುಡಿಯಾಗಿ ಯಾರ ಉಪಯೋಗಕ್ಕೂ ಬಾರದು. ಅದನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ತುಂಡಾಗಿಸಬೇಕು. ಬಿಸಿ ಮುಟ್ಟಿಸಿದೊಡನೆ ಗಡಿಗಳಲ್ಲಿ ಕೂಡಿಟ್ಟ ಶಕ್ತಿ ಹೊರಬರಲು ತವಕಿಸುತ್ತದೆ, ಹರಳುಗಳು ಒಂದನ್ನೊಂದು ನುಂಗಿ ಬೆಳೆಯುತ್ತವೆ. ದಿನಗಟ್ಟಲೆ ಅರೆದದ್ದು ಗಂಟೆಯಲ್ಲಿ ನೀರಿನಲ್ಲಿ ಹೋಮ. ಇದಕ್ಕೆ ಮದ್ದು ಸಿಕ್ಕಿದ್ದೂ ಮಿಲ್ಲಿನಲ್ಲಿಯೇ. ಗಡಿಯಲ್ಲಿ ಹೋಗಿ ಕೂರಲು ಇಷ್ಟಪಡುವ ಎರಡನೆಯ ಲೋಹವನ್ನು ಮೊದಲೇ ಒತ್ತಾಯದಿಂದ ಬೆರೆಸಿಡುವುದು. 2012ರಲ್ಲಿ ಎಂಐಟಿಯ ಕ್ರಿಸ್ಟೋಫರ್ ಷೂ ಗುಂಪು ಟಂಗ್‌ಸ್ಟನ್ನಿಗೆ ನೂರಕ್ಕೆ ಇಪ್ಪತ್ತು ಪರಮಾಣು ಟೈಟೇನಿಯಂ ಸೇರಿಸಿ ಅರೆದ ಪುಡಿ 1100 ಡಿಗ್ರಿಯಲ್ಲಿ ಒಂದು ವಾರ ಕಾದರೂ ಸುಮಾರು 20 ನ್ಯಾನೊಮೀಟರಿನಲ್ಲೇ ಉಳಿಯಿತು. ಅಮೆರಿಕದ ಸೇನಾ ಸಂಶೋಧನಾ ಪ್ರಯೋಗಾಲಯದ ಡಾರ್ಲಿಂಗ್ ಮತ್ತು ಸಂಗಡಿಗರು ತಾಮ್ರ–ಟ್ಯಾಂಟಲಂ ಜೋಡಿಯನ್ನು ಅತಿ ತಂಪಿನಲ್ಲಿ ಅರೆದು, ಗಟ್ಟಿ ಮಾಡಿ, 2016ರಲ್ಲಿ ತೋರಿಸಿದ್ದು ಇನ್ನೂ ಬೆರಗಿನದು: ಬಿಸಿಯಲ್ಲಿ ಭಾರ ಹೊತ್ತು ನಿಧಾನವಾಗಿ ಜೋಲುವ ವೇಗ ಬೇರೆ ನ್ಯಾನೊ ಲೋಹಗಳಿಗಿಂತ ಹತ್ತು ಲಕ್ಷದಿಂದ ಹತ್ತು ಕೋಟಿ ಪಟ್ಟು ಕಡಿಮೆ. ನ್ಯಾನೊ ಲೋಹ ಬಿಸಿಗೆ ಸಲ್ಲದು ಎಂಬ ಹಳೆಯ ಮಾತನ್ನು ಇವೆರಡೂ ಮುರಿದವು.

ಐದಾರು ಲೋಹಗಳನ್ನು ಸಮಸಮ ಬೆರೆಸುವ ಹೈ ಎಂಟ್ರೊಪಿ ಮಿಶ್ರಲೋಹಗಳಿಗೂ ಮಿಲ್ಲು ಒದಗಿತು. ಇಂಥ ಬಹುಲೋಹದ ‘ಕಾಕ್‌ಟೇಲ್’ಗಳ ಕಡೆ 2003ರಲ್ಲಿ ಗಮನ ಸೆಳೆದವರು ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್, ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಬಿ. ಎಸ್. ಮೂರ್ತಿ ಅವರ ಜೊತೆ ಮೆಕ್ಯಾನಿಕಲ್ ಅಲಾಯಿಂಗ್ ಕುರಿತು 1998ರಲ್ಲಿ ಸಮೀಕ್ಷೆ ಬರೆದವರೂ ಅವರೇ. 2008ರಲ್ಲಿ ಐಐಟಿ ಮದ್ರಾಸಿನಲ್ಲಿ ಮೂರ್ತಿಯವರ ಗುಂಪು ಅಲ್ಯೂಮಿನಿಯಂ, ಕಬ್ಬಿಣ, ಟೈಟೇನಿಯಂ, ಕ್ರೋಮಿಯಂ, ಸತು, ತಾಮ್ರ ಈ ಆರನ್ನೂ ಅರೆದು ಒಂದೇ ನ್ಯಾನೊ ದ್ರಾವಣವಾಗಿಸಿತು. ಸತು ಕುದಿಯುವ ಶಾಖದಲ್ಲಿ ಟೈಟೇನಿಯಂ ಇನ್ನೂ ಕರಗಿಯೇ ಇರುವುದಿಲ್ಲ. ಇವನ್ನು ಕುಲುಮೆಯಲ್ಲಿ ಒಟ್ಟಿಗೆ ಕರಗಿಸಲು ಹೋದರೆ ಸತು ಹೊಗೆಯಾಗಿ ಹಾರುತ್ತದೆ.

ಬೆಂಜಮಿನ್ ಹಿಡಿದ ಆಕ್ಸೈಡಿನ ದಾರಿ ಈಗ ಉಕ್ಕಿನಲ್ಲಿ ಮುಂದುವರಿದಿದೆ. ಪರಮಾಣು ಸ್ಥಾವರದ ಇಂಧನ ಕೊಳವೆಗಳಿಗಾಗಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರ, ಹೈದರಾಬಾದಿನ ಪುಡಿ ಲೋಹವಿದ್ಯೆಯ ಸಂಶೋಧನಾ ಕೇಂದ್ರ ಎಆರ್‌ಸಿಐ ಮತ್ತು ನ್ಯೂಕ್ಲಿಯರ್ ಫ್ಯುಯಲ್ ಕಾಂಪ್ಲೆಕ್ಸ್ ಸೇರಿ ಇಂಥ ಉಕ್ಕನ್ನು ರೂಪಿಸಿವೆ. ಇಟ್ರಿಯಾ ಕರಗುವುದಿಲ್ಲ, ಹರಡಿ ಕೂರುತ್ತದೆ ಎನ್ನುವುದು ಮೊದಲಿನ ತಿಳಿವಳಿಕೆಯಾಗಿತ್ತು. ಆದದ್ದು ಬೇರೆ. ಅರೆಯುವಾಗ ಆ ಗಟ್ಟಿ ಆಕ್ಸೈಡೇ ಒಡೆದು ಇಟ್ರಿಯಂ, ಆಮ್ಲಜನಕ ಎರಡೂ ಪರಮಾಣುಗಳಾಗಿ ಕಬ್ಬಿಣದೊಳಗೆ ಕರಗುತ್ತವೆ. ಮುಂದೆ ಬಿಸಿಯಲ್ಲಿ ಒತ್ತುವಾಗ ಟೈಟೇನಿಯಮ್ಮನ್ನು ಜೊತೆಗೆ ಕರೆದುಕೊಂಡು 2ರಿಂದ 4 ನ್ಯಾನೊಮೀಟರಿನ ಗೊಂಚಲುಗಳಾಗಿ ಮತ್ತೆ ಹುಟ್ಟುತ್ತವೆ. ಉಕ್ಕಿಗೆ ಬಲ ಕೊಡುವುದು ಹಾಕಿದ ಕಣವಲ್ಲ, ಈ ಮರುಹುಟ್ಟಿನ ಗೊಂಚಲು.

ಮಿಲ್ಲಿನ ಖರ್ಚು, ನಿಧಾನ, ಒಂದು ಘಾಣಕ್ಕೂ ಇನ್ನೊಂದಕ್ಕೂ ಬರುವ ವ್ಯತ್ಯಾಸ ಇವೆಲ್ಲ ಹಳೆಯ ದೂರುಗಳು. ನಾಸಾ 2023ರಲ್ಲಿ ಪ್ರಕಟಿಸಿದ ಜಿಆರ್‌ಎಕ್ಸ್-810 ಎಂಬ ನಿಕ್ಕಲ್–ಕೋಬಾಲ್ಟ್–ಕ್ರೋಮಿಯಂ ಮಿಶ್ರಲೋಹದಲ್ಲಿ ಗುಂಡುಗಳೇ ಇಲ್ಲ. ಶಬ್ದತರಂಗದ ಕಂಪನದಿಂದ ಲೋಹದ ಕಣಗಳ ಮೈಗೆ ಇಟ್ರಿಯಾ ಸವರಿ, ಲೇಸರಿನಲ್ಲಿ ಪದರ ಪದರವಾಗಿ ಕರಗಿಸಿ ಮುದ್ರಿಸುತ್ತಾರೆ. ಆಕ್ಸೈಡನ್ನು ಆಕ್ಸೈಡಾಗಿಯೇ ಹರಡಿದರೆ ಸಾಕು ಎನ್ನುವ ಕೆಲಸಗಳಲ್ಲಿ ಬಾಲ್ ಮಿಲ್ಲು ಇನ್ನು ಮುಂದೆ ಜಾಗ ಬಿಟ್ಟುಕೊಡಬೇಕಾಗಬಹುದು. ಆದರೆ ಟ್ಯಾಂಟಲಮ್ಮನ್ನು ತಾಮ್ರದೊಳಗೆ ನುಗ್ಗಿಸಲು ಸವರಿದರೆ ಸಾಲದು, ಕುಟ್ಟಲೇಬೇಕು.